ಪರಿಚಯ ಜಾಸ್ತಿ ಇದ್ದರೆ ಹೊಸ ಮಾಲು ಹುಟ್ಟುತ್ತದಾ? ಸಣ್ಣ ಕೈಗಾರಿಕೆಯವರು, ವ್ಯಾಪಾರಸ್ಥರು ಸ್ವಲ್ಪ ಹೇಳಿ

ಪೀಣ್ಯ ಟರ್ನರ್

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದಲ್ಲಿ ನಮ್ಮದೊಂದು ಸಣ್ಣ ಶಾಪ್ ಇದೆ. ಎರಡು ಸಿಎನ್‌ಸಿ ಲೇತ್, ಒಂದು ಹಳೇ ಮಿಲ್ಲಿಂಗ್ ಮಷೀನು, ನಾಲ್ಕೈದು ಹುಡುಗರು. ಪೂರ್ತಿ ಜಾಬ್ ವರ್ಕ್. ಡ್ರಾಯಿಂಗ್ ಪಾರ್ಟಿಯದು, ಮೆಟೀರಿಯಲ್ ಪಾರ್ಟಿಯದು, ಮಷೀನ್ ಓಡಿಸುವುದಷ್ಟೇ ನಮ್ಮದು.

ಆರ್ಡರ್ ಎಲ್ಲ ಬರುವುದು ಪರಿಚಯದಿಂದಲೇ. ಹಳೇ ಕಂಪನಿಯಲ್ಲಿ ನನ್ನ ಮೇಲಿದ್ದ ಸಾಹೇಬರು ಈಗ ಬೇರೆ ಕಡೆ ಪರ್ಚೇಸ್ ನೋಡಿಕೊಳ್ಳುತ್ತಾರೆ. ಅರ್ಧ ಕೆಲಸ ಅವರಿಂದ. ಉಳಿದದ್ದು ಜೊತೆಗೆ ಡಿಪ್ಲೊಮಾ ಓದಿದವರಿಂದ. ಸ್ಪಿಂಡಲ್ ಕೈಕೊಟ್ಟಾಗ ಪಕ್ಕದ ಶೆಡ್‌ನವರು ರಾತ್ರಿ ಪಾಳಿಗೆ ತಮ್ಮ ಮಷೀನ್ ಬಿಟ್ಟುಕೊಟ್ಟಿದ್ದಾರೆ. ಥ್ರೆಡ್ ಗೇಜ್ ಬೇಕೆಂದರೆ ಕೊಡುತ್ತಾರೆ. ಸಂಬಳದ ದಿನ ಕೈಸಾಲವೂ ಕೊಟ್ಟಿದ್ದಾರೆ.

ಆದರೆ ನನಗೆ ಸ್ವಂತದ್ದೊಂದು ಐಟಂ ಮಾಡಬೇಕು ಅಂತ ಆಸೆ. ಅಡಿಕೆಗೆ ಬೋರ್ಡೋ ಔಷಧಿ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆಯುವ ನಾಜಲ್. ಈಗ ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದನೆಯ ಕೋಲು, ಬಂದಿದೆಯಲ್ಲ, ಅದರ ತುದಿಗೆ ಹಾಕುವಂಥದ್ದು. ಮಾವನ ಮನೆ ತೀರ್ಥಹಳ್ಳಿ ಕಡೆ, ಅಲ್ಲಿ ನೋಡಿ ಹೊಳೆದದ್ದು. ಈ ಮಾತು ತೆಗೆದರೆ ಸಾಕು, ಅದೇ ಸ್ನೇಹಿತರು "ಇರೋ ಕೆಲಸ ಮಾಡ್ಕೊಂಡು ಹೋಗಯ್ಯ, ಸುಮ್ನೆ ಯಾಕೆ ತಲೆನೋವು" ಅನ್ನುತ್ತಾರೆ. ಸಾಹೇಬರು ಇನ್ನೂ ಒಂದು ಹೆಜ್ಜೆ ಮುಂದೆ. "ನಮ್ಮ ಮಾಲು ಲೇಟಾದ್ರೆ ಆಮೇಲೆ ನನ್ನ ಕೇಳಬೇಡ" ಅಂದರು.

ನಮ್ಮ ಕಡೆ ಪರಿಚಯ ಇಲ್ಲದೆ ವ್ಯಾಪಾರ ನಡೆಯುವುದಿಲ್ಲ, ಗೊತ್ತು. ಅದೇ ಪರಿಚಯ ಹೊಸದಕ್ಕೆ ಕೈಹಾಕದ ಹಾಗೆ ಕಟ್ಟಿಹಾಕುತ್ತದಾ? ನಿಮ್ಮ ಅನುಭವ ಹೇಳಿ.

ಹಳೇ ಲೇತ್

ತಮ್ಮಾ, ನಾನು ಸರ್ಕಾರಿ ಕಾರ್ಖಾನೆಯ ಟೂಲ್ ರೂಮಿನಲ್ಲಿ ಇದ್ದು ನಿವೃತ್ತನಾದವನು. ಪೀಣ್ಯ ಬೆಳೆದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಬೆಂಗಳೂರಿಗೆ ಎಚ್‌ಎಎಲ್ ಬಂದದ್ದು 1940ರಲ್ಲಿ. ಟೆಲಿಫೋನ್ ಮಾಡುವ ಐಟಿಐ 1948, ಎಚ್‌ಎಂಟಿ 1953, ಬಿಇಎಲ್ 1954. ಈ ದೊಡ್ಡ ಸರ್ಕಾರಿ ಕಾರ್ಖಾನೆಗಳಿಗೆಲ್ಲ ಸಣ್ಣಪುಟ್ಟ ಬಿಡಿಭಾಗ ಬೇಕಿತ್ತು. ಒಳಗೆ ಕೆಲಸ ಕಲಿತವರು ಹೊರಬಂದು ಶೆಡ್ ಹಾಕಿದರು. 70ರ ದಶಕದಲ್ಲಿ ಪೀಣ್ಯ ತುಂಬಿಕೊಂಡದ್ದು ಹೀಗೆ. ಪೀಣ್ಯ ಕೈಗಾರಿಕಾ ಸಂಘ ಶುರುವಾದದ್ದು 1978ರಲ್ಲಿ. ಆಗ ಬ್ಯಾಂಕಿನವರು ಹೊಸಬರನ್ನು ನಂಬುತ್ತಿರಲಿಲ್ಲ, ಆದರೆ ಒಂದೇ ಕ್ಯಾಂಟೀನಿನಲ್ಲಿ ಊಟ ಮಾಡಿದ ಫೋರ್‌ಮನ್ ನಂಬುತ್ತಿದ್ದ. ಇವನಿಗೆ ಡ್ರಾಯಿಂಗ್ ಓದಲು ಬರುತ್ತದೆ, ಹತ್ತು ಮೈಕ್ರಾನ್ ಅಂದರೆ ಹತ್ತು ಮೈಕ್ರಾನ್ ಇಡುತ್ತಾನೆ, ಇದು ಅವನಿಗೆ ಗೊತ್ತಿತ್ತು. ಸಹಿ ಹಾಕಿದ ಕರಾರಿಗಿಂತ ಅದು ಗಟ್ಟಿ.

ಆದರೆ ಅವರಲ್ಲಿ ಎಷ್ಟು ಜನ ಸ್ವಂತ ಮಾಲು ಮಾಡಿದರು? ಬಹಳ ಜನ ಕೊನೆಯವರೆಗೂ ಜಾಬ್ ವರ್ಕ್‌ನಲ್ಲೇ ಉಳಿದರು. ದೊಡ್ಡ ಕಾರ್ಖಾನೆಗಳು ಸೊರಗಿದಾಗ ಇವರೂ ಸೊರಗಿದರು. ಸ್ವಂತ ಮಷೀನು, ಸ್ವಂತ ಚಕ್, ಸ್ವಂತ ಕೂಲಂಟ್ ಪಂಪ್ ಮಾಡಿದವರಲ್ಲಿ ನಾನು ಒಂದು ವಿಷಯ ಗಮನಿಸಿದ್ದೇನೆ. ಅವರ ಸ್ನೇಹ ಪರ್ಚೇಸ್‌ನವರ ಜೊತೆ ಅಷ್ಟಕ್ಕಷ್ಟೇ. ಸರ್ವಿಸ್‌ನವರ ಜೊತೆ ಜಾಸ್ತಿ. ಅಂದರೆ ಮಷೀನ್ ಕೆಟ್ಟಾಗ ಊರೂರು ತಿರುಗಿ ರಿಪೇರಿ ಮಾಡುವವರು. ಎಲ್ಲಿ ಏನು ಮುರಿಯುತ್ತದೆ, ಗಿರಾಕಿ ಯಾವುದಕ್ಕೆ ಬೈಯುತ್ತಾನೆ, ಎಲ್ಲ ಅವರಿಗೇ ಗೊತ್ತು. ತುಮಕೂರು ರಸ್ತೆಯ ಸಿಎಂಟಿಐಗೆ (ಯಂತ್ರ ತಯಾರಿಕೆಯ ಸರ್ಕಾರಿ ಸಂಶೋಧನಾ ಸಂಸ್ಥೆ) ಹೋಗಿ ಡಿಸೈನ್ ವಿಷಯ ಕೇಳಿಕೊಂಡು ಬರುತ್ತಿದ್ದವರೂ ಇದ್ದರು. ಅದು 1962ರಿಂದ ಇದೆ. ಇಷ್ಟು ಹತ್ತಿರ ಇದ್ದೂ ಗೇಟ್ ದಾಟಿ ಒಳಗೆ ಹೋಗದ ಪೀಣ್ಯದವರು ಬೇಕಾದಷ್ಟು ಜನ ಸಿಗುತ್ತಾರೆ.

ಕುಂದಾಪ್ರ ಕಾಫಿ

ಹಳೇ ಲೇತ್ ಸರ್ ಹೇಳಿದ್ದು ಸರಿ, ಆದರೆ ನಮ್ಮ ಹೋಟೆಲ್ ಲೈನಿನಲ್ಲಿ ಕಥೆ ಸ್ವಲ್ಪ ಬೇರೆ ಮಾರಾಯ್ರೆ. ನಮ್ಮಲ್ಲಿ ಹತ್ತಿರದ ನಂಟಿನಿಂದಲೇ ಹೊಸದು ಊರೆಲ್ಲ ಹರಡಿತು.

ದರ್ಶಿನಿ ಅಂತ ಈಗ ಬೀದಿಗೊಂದು ಇದೆಯಲ್ಲ, ಅದು ಮೊದಲು ಬಂದದ್ದು 1983ರಲ್ಲಿ, ಜಯನಗರದ ಕೆಫೆ ದರ್ಶಿನಿ. ಆರ್. ಪ್ರಭಾಕರ್ ಅವರ ತಲೆಯದು. ಕೂರಲು ಕುರ್ಚಿ ಇಲ್ಲ, ಸಪ್ಲೈಯರ್ ಇಲ್ಲ. ಕೂಪನ್ ತಗೊಳ್ಳಿ, ಕೌಂಟರಿನಲ್ಲಿ ತಿಂಡಿ ತಗೊಳ್ಳಿ, ನಿಂತು ತಿಂದು ಹೊರಡಿ. ಅಡುಗೆಮನೆ ಎದುರಿಗೇ ಕಾಣುತ್ತದೆ. ಜಾಗ ಕಡಿಮೆ, ಬಾಡಿಗೆ ಕಡಿಮೆ, ರೇಟೂ ಕಡಿಮೆ. ಒಬ್ಬ ಗಿರಾಕಿ ಹತ್ತು ನಿಮಿಷಕ್ಕೆ ಜಾಗ ಬಿಟ್ಟರೆ ಲೆಕ್ಕ ಹೇಗೆ ಬದಲಾಗುತ್ತದೆ ನೋಡಿ.

ಅವರು ಅದನ್ನು ಮುಚ್ಚಿಟ್ಟುಕೊಳ್ಳಲಿಲ್ಲ. ಬೇರೆಯವರು ದರ್ಶಿನಿ ಹಾಕಲು ತಾವೇ ಸಲಹೆ ಕೊಟ್ಟರು. ಅಷ್ಟು ಬೇಗ ಹರಡಲು ಇನ್ನೊಂದು ಕಾರಣ ನಮ್ಮ ಕಡೆಯ ಹುಡುಗರು. ಊರಿಂದ ಬಂದು ಮಾವನ ಹೋಟೆಲಲ್ಲಿ ಲೋಟ ತೊಳೆಯುವುದು, ಆಮೇಲೆ ಸಪ್ಲೈ, ಆಮೇಲೆ ದೋಸೆ ಕಲ್ಲಿನ ಹತ್ತಿರ, ಆಮೇಲೆ ಗಲ್ಲಾ. ಅಷ್ಟೊತ್ತಿಗೆ ಚೀಟಿ ಎತ್ತಿದ ದುಡ್ಡು ಒಂದಿಷ್ಟು, ಭಾವನದು ಒಂದಿಷ್ಟು, ಹಳೇ ಧಣಿಯ ಪಾಲು ಒಂದಿಷ್ಟು ಸೇರಿ ಸ್ವಂತ ಅಂಗಡಿ. ಹಾಲಿನವ, ಗ್ಯಾಸಿನವ, ಗ್ರೈಂಡರ್ ಮಾಡಿಕೊಡುವವ, ಎಲ್ಲ ಗೊತ್ತಿದ್ದವರೇ.

ಪೀಣ್ಯ ಟರ್ನರ್

@ಕುಂದಾಪ್ರ ಕಾಫಿ ಅಣ್ಣ, ಮಾದರಿ ಹರಡಿತು ಸರಿ. ಆಮೇಲೆ ಎಲ್ಲ ದರ್ಶಿನಿಯಲ್ಲೂ ಅದೇ ಇಡ್ಲಿ-ವಡೆ, ಅದೇ ಖಾರಾಬಾತ್-ಕೇಸರಿಬಾತ್ ಅಲ್ವಾ?

ಕುಂದಾಪ್ರ ಕಾಫಿ

ಹೌದು, ಅಲ್ಲಿ ಸಿಕ್ಕಿಬಿದ್ದೆ 😀 ಮೆನು ನೋಡದೆ ಆರ್ಡರ್ ಕೊಡಬಹುದು.

ಅಂಕಿ ಅಂಶ

ನಾನು ಅರ್ಥಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ಶಾಪ್ ನಡೆಸಿಲ್ಲ, ಬೈಯಬೇಡಿ. ಈ ವಿಷಯಕ್ಕೆ ಹೇಳಿಮಾಡಿಸಿದ ಎರಡು ಉದಾಹರಣೆ ಇವೆ.

ಒಂದು, ತಿರುಪುರ. ಬನಿಯನ್, ಟೀ ಶರ್ಟ್ ಊರು. ಅಲ್ಲಿನ ಗೌಂಡರ್ ಸಮುದಾಯದವರು ಮೊದಲಿನಿಂದ ಈ ಉದ್ಯಮದಲ್ಲಿದ್ದಾರೆ. ಹೊರಗಿನಿಂದ ಬಂದು ಫ್ಯಾಕ್ಟರಿ ಹಾಕಿದವರೂ ಇದ್ದಾರೆ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ ಮತ್ತು ಕೈವನ್ ಮುನ್ಷಿ ಈ ಎರಡೂ ಗುಂಪನ್ನು ಹೋಲಿಸಿ 2004ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಗೌಂಡರ್ ಸಮುದಾಯದವರ ಕೈಯಲ್ಲಿ ಬಂಡವಾಳ ಬಹಳ ಜಾಸ್ತಿ. ಸ್ವಜನರ ಸಾಲ ಸುಲಭವಾಗಿ ಸಿಗುತ್ತದೆ. ಹೊರಗಿನವರು ಕಡಿಮೆ ದುಡ್ಡಿನಲ್ಲಿ ಶುರು ಮಾಡಿದರು, ಆದರೆ ಅವರ ಉತ್ಪಾದನೆ ಬೇಗ ಬೆಳೆಯಿತು, ಕೆಲವು ವರ್ಷದಲ್ಲಿ ಗೌಂಡರ್‌ಗಳದ್ದನ್ನು ದಾಟಿತು. ದುಡ್ಡು ಚೆನ್ನಾಗಿ ಕೆಲಸ ಮಾಡುವವರ ಹತ್ತಿರ ಹೋಗಲಿಲ್ಲ, ಪರಿಚಯ ಇದ್ದವರ ಹತ್ತಿರ ಹೋಯಿತು ಅಂತ ಅರ್ಥ.

ಎರಡನೆಯದು ಬ್ರೆಜಿಲ್‌ನ ಸಿನೋಸ್ ಕಣಿವೆ. ಚಪ್ಪಲಿ, ಶೂ ಮಾಡುವ ಊರುಗಳು. ಅಮೆರಿಕದ ದೊಡ್ಡ ಖರೀದಿದಾರರು ಬಂದರು. ಮಾಲು ಎಷ್ಟು ಚೊಕ್ಕ ಇರಬೇಕು, ಹೇಗೆ ಬೇಗ ಕಳಿಸಬೇಕು, ಎಲ್ಲ ಅವರೇ ಕಲಿಸಿದರು. ಉದ್ಯಮ ಚೆನ್ನಾಗಿ ಬೆಳೆಯಿತು. 90ರ ದಶಕದಲ್ಲಿ ಚೀನಾದ ಶೂ ಅಗ್ಗಕ್ಕೆ ಬಂತು. ಸ್ವಂತ ಡಿಸೈನ್, ಸ್ವಂತ ಬ್ರಾಂಡ್ ಮಾಡೋಣ ಅಂತ ಅಲ್ಲಿನ ಸಂಘಗಳು ಯೋಜನೆ ಹಾಕಿದವು. ಹಿಂದೆ ಸರಿದವರು ಯಾರು ಗೊತ್ತೇ? ಅತಿ ದೊಡ್ಡ ರಫ್ತುದಾರರು. ಸ್ವಂತ ಡಿಸೈನ್‌ಗೆ ಇಳಿದರೆ ಅಮೆರಿಕದ ಗಿರಾಕಿ ಮುನಿಸಿಕೊಂಡು ಚೀನಾಕ್ಕೆ ಹೋಗುತ್ತಾನೆ ಅನ್ನುವ ಭಯ. ಯೋಜನೆ ಮೂಲೆಗೆ ಬಿತ್ತು.

ಟರ್ನರ್ ಸರ್, ನಿಮ್ಮ ಸಾಹೇಬರು ಹೇಳಿದ ಮಾತಿಗೂ ಇದಕ್ಕೂ ಏನು ವ್ಯತ್ಯಾಸ?

ಪೀಣ್ಯ ಟರ್ನರ್

ಅವರದು ಡಾಲರಿನಲ್ಲಿ, ನಮ್ಮದು ರೂಪಾಯಿಯಲ್ಲಿ. ಅಷ್ಟೇ ಮೇಡಂ.

ಉದ್ಯಮಬಾಗ ಫೌಂಡ್ರಿ

ಬೆಳಗಾವಿಯಿಂದ ನಮಸ್ಕಾರ ರೀ. ನಂಟಿನ ಇನ್ನೊಂದು ಮುಖ ಯಾರೂ ಹೇಳಲಿಲ್ಲ. ನಕಲು!

ನಮ್ಮಲ್ಲಿ ಎರಕಕ್ಕೆ ಪ್ಯಾಟರ್ನ್ (ಅಚ್ಚಿನ ಮಾದರಿ) ಮಾಡುವವರು ಕೆಲವೇ ಜನ. ಅದೇ ಮನುಷ್ಯ ನನಗೂ ಮಾಡಿಕೊಡುತ್ತಾನೆ, ನನ್ನ ಎದುರಾಳಿಗೂ ಮಾಡಿಕೊಡುತ್ತಾನೆ. ಸಂಜೆ ಚಹಾ ಕುಡಿಯುವಾಗ ಯಾರ ಹತ್ತಿರ ಯಾವ ಹೊಸ ಎರಕ ಬಂದಿದೆ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ನಾನು ಆರು ತಿಂಗಳು ರಿಜೆಕ್ಷನ್ ತಿಂದು ಒಂದು ಪಂಪ್ ಕೇಸಿಂಗ್ ಸರಿ ಮಾಡಿದರೆ, ಮರುವರ್ಷ ಅದೇ ಕೇಸಿಂಗ್ ಎರಡು ಶೆಡ್ ಆಚೆ ಕಿಲೋಗೆ ಎರಡು ರೂಪಾಯಿ ಕಮ್ಮಿಗೆ. ಜಗಳ ಆಡೋಣ ಅಂದರೆ ಅವನ ಮಗನ ಮದುವೆಗೆ ಹೋಗಿ ಉಂಡು ಬಂದಿರುತ್ತೇವೆ. ಮತ್ತೆ ಯಾರು ಹೊಸದು ಮಾಡುತ್ತಾರೆ ಹೇಳ್ರಿ?

ಬಾಕಿ ಹಣದ ವಿಷಯವೂ ಹಾಗೇ. 2006ರ ಎಂಎಸ್‌ಎಂಇ (ಸಣ್ಣ-ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ ಹೆಚ್ಚೆಂದರೆ 45 ದಿನದಲ್ಲಿ ಕೊಡಬೇಕು. ದೂರು ಕೊಡಲು 2017ರಿಂದ ಸಮಾಧಾನ್ ಪೋರ್ಟಲ್ ಇದೆ. 2024ರ ಏಪ್ರಿಲ್‌ನಿಂದ ಇನ್‌ಕಮ್ ಟ್ಯಾಕ್ಸ್‌ನಲ್ಲೂ ಬಿಗಿ ಮಾಡಿದ್ದಾರೆ, ಸಣ್ಣವರ ಬಿಲ್ಲು ಸಮಯಕ್ಕೆ ಕೊಡದಿದ್ದರೆ ಕೊಡುವ ತನಕ ಅದನ್ನು ಖರ್ಚು ಅಂತ ತೋರಿಸುವ ಹಾಗಿಲ್ಲ. ಆದರೆ ದೂರು ಕೊಡುವವರು ಯಾರು? "ಸಂಬಂಧ ಕೆಡುತ್ತದೆ" ಅಂತ ನಾಲ್ಕು ತಿಂಗಳು ಕಾಯುತ್ತೇವೆ. ಹೊಸ ಡೈಗೆ ಹಾಕಬೇಕಾದ ದುಡ್ಡು ಗಿರಾಕಿಯ ಹತ್ತಿರ ಬಡ್ಡಿ ಇಲ್ಲದ ಸಾಲವಾಗಿ ಕೂತಿರುತ್ತದೆ.

ಹಳೇ ಲೇತ್

ಈ ಕಡೇ ಮಾತಿಗೆ ನನ್ನದೂ ಒಂದು ಸಹಿ.

ಶೇಂಗಾ ಚಟ್ನಿ

ಗಂಡಸರೆಲ್ಲ ಕ್ಯಾಂಟೀನು, ಸಂಜೆ ಚಹಾ, ಡಿಪ್ಲೊಮಾ ಸ್ನೇಹಿತರು ಅಂತ ಬರೆಯುತ್ತಿದ್ದೀರಿ. ಅಲ್ಲಿಗೆ ನಮಗೆ ಪ್ರವೇಶ ಎಲ್ಲಿದೆ? ನಾನು ಧಾರವಾಡದಲ್ಲಿ ಚಟ್ನಿಪುಡಿ, ಕಡಕ್ ರೊಟ್ಟಿ ಮಾಡಿ ಮಾರುತ್ತೇನೆ. ಒಂದು ವ್ಯಾಪಾರಿಗಳ ಸಂಘಕ್ಕೆ ಸೇರಲು ಹೋದರೆ "ಮೀಟಿಂಗ್ ರಾತ್ರಿ ಎಂಟಕ್ಕೆ ಇರುತ್ತದೆ, ನಿಮ್ಮ ಮನೆಯವರನ್ನು ಕಳಿಸಿ" ಅಂದರು. ಅವರು ಕಳ್ಳಿನಂಗಡಿಯಲ್ಲಿ ಸೇರುತ್ತಿದ್ದರೋ ಹೋಟೆಲಲ್ಲೋ, ದೇವರಿಗೇ ಗೊತ್ತು.

ನನ್ನ ಹತ್ತಿರದವರು ಅಂದರೆ ಸ್ವಸಹಾಯ ಸಂಘದ ಅಕ್ಕತಂಗಿಯರು. ಮೊದಲ ಸಾಲ ಅಲ್ಲಿಂದ. ಕೈಗೆ ಕೈ ಜೋಡಿಸುವವರೂ ಅವರೇ. ಆದರೆ ನನ್ನ ತೊಂದರೆಗೆ ಅವರ ಹತ್ತಿರ ಉತ್ತರ ಇರಲಿಲ್ಲ. ಶೇಂಗಾ ಚಟ್ನಿ ಕೆಲವು ವಾರಕ್ಕೆ ಕಮಟು ವಾಸನೆ ಹೊಡೆಯುತ್ತಿತ್ತು. ಬೆಂಗಳೂರಿನ ಅಂಗಡಿಯವರು ಪೂರ್ತಿ ಡಬ್ಬಿ ವಾಪಸ್ ಕಳಿಸುತ್ತಿದ್ದರು. ನಮ್ಮವರು ಹೇಳಿದ್ದು ಶೇಂಗಾ ಇನ್ನಷ್ಟು ಹುರಿ, ಉಪ್ಪು ಜಾಸ್ತಿ ಹಾಕು ಅಂತ. ಎರಡೂ ಮಾಡಿದೆ, ಕಮಟು ಹೋಗಲಿಲ್ಲ.

ಕೊನೆಗೆ ದಾರಿ ತೋರಿಸಿದ್ದು ಮಗಳ ಗೆಳತಿಯ ಸೋದರತ್ತೆ. ಮೈಸೂರಿನವರು, ನಾನು ಅವರನ್ನು ಒಮ್ಮೆ ಯಾವುದೋ ಸೀಮಂತದಲ್ಲಿ ನೋಡಿದ್ದೆ ಅಷ್ಟೇ. "ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆಯಲ್ಲ, ಅಲ್ಲಿ ತರಬೇತಿ ಕೊಡುತ್ತಾರೆ, ಹೋಗಿ" ಅಂದರು. ಹೋದೆ. ಶೇಂಗಾದ ಎಣ್ಣೆಗೆ ಗಾಳಿ, ಬೆಳಕು ತಗುಲಿದರೆ ಕಮಟಾಗುತ್ತದೆ. ನಾನು ಚಂದ ಕಾಣಲಿ ಅಂತ ಪಾರದರ್ಶಕ ಡಬ್ಬಿಯಲ್ಲಿ ತುಂಬಿ ಅಂಗಡಿಯ ಮುಂದಿನ ಸಾಲಿನಲ್ಲಿ ಇಡಿಸುತ್ತಿದ್ದೆ! ಈಗ ಬೆಳ್ಳಿ ಬಣ್ಣದ ಫಾಯಿಲ್ ಪೌಚು. ಹುರಿದ ಶೇಂಗಾ ಪೂರ್ತಿ ಆರಿದ ಮೇಲೇ ಕುಟ್ಟುವುದು, ತುಂಬಿದ ಮೇಲೆ ಗಾಳಿ ಒತ್ತಿ ತೆಗೆದು ಸೀಲ್ ಮಾಡುವುದು. ವಾಪಸ್ ಬರುವುದು ನಿಂತಿತು. ಇದು ದೊಡ್ಡ ಆವಿಷ್ಕಾರ ಅಲ್ಲದಿರಬಹುದು, ನನ್ನ ಮಟ್ಟಿಗೆ ಇದೇ ಹೊಸದು.

ಅಂಕಿ ಅಂಶ

ಅಕ್ಕಾ, ನಮ್ಮ ಪುಸ್ತಕಗಳು ಇಡೀ ಅಧ್ಯಾಯದಲ್ಲಿ ಹೇಳುವುದನ್ನು ನಿಮ್ಮ ಡಬ್ಬಿ ಹೇಳಿಬಿಟ್ಟಿತು. ಹತ್ತಿರದವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಹೊಸ ಮಾಹಿತಿ ಬರುವುದು ಅಪರೂಪಕ್ಕೆ ಸಿಗುವವರಿಂದ.

ಹೊರಗಿನವ

ಜಾತಿ ಅನ್ನುವ ಪದವನ್ನು ಎಲ್ಲರೂ ನಾಜೂಕಾಗಿ ದಾಟುತ್ತಿದ್ದೀರಿ. ಸಮುದಾಯ, ನಮ್ಮ ಕಡೆಯವರು, ಸ್ವಜನ. ಯಾರ ಮಾವನಿಗೂ ಹೋಟೆಲ್ ಇಲ್ಲದವರು ಏನು ಮಾಡಬೇಕು? ನಮ್ಮಪ್ಪ ಚರ್ಮದ ಕೆಲಸ ಮಾಡುತ್ತಿದ್ದರು. ನಾನು ಲೋಹಕ್ಕೆ ಪುಡಿ ಬಣ್ಣ ಕೂರಿಸುವ ಪೌಡರ್ ಕೋಟಿಂಗ್ ಶಾಪ್ ಹಾಕಿದಾಗ ಶೆಡ್ ಬಾಡಿಗೆಗೆ ಕೊಡುವ ಮೊದಲು ಮಾಲೀಕರು ಕೇಳಿದ್ದು ಅಡ್ವಾನ್ಸ್ ಎಷ್ಟು ಅಂತ ಅಲ್ಲ, "ಯಾವ ಪೈಕಿ" ಅಂತ.

ನನಗೆ ಮೊದಲ ದೊಡ್ಡ ಆರ್ಡರ್ ಸಿಕ್ಕಿದ್ದು ಕಾಗದದಿಂದ. 2012ರ ಖರೀದಿ ನೀತಿಯಲ್ಲಿ ಕೇಂದ್ರದ ಇಲಾಖೆ, ಸಾರ್ವಜನಿಕ ಕಂಪನಿಗಳು ಸಣ್ಣ ಉದ್ಯಮಗಳಿಂದ ಇಂತಿಷ್ಟು ಕೊಳ್ಳಬೇಕು ಅಂತಿದೆ. ಈಗ ಅದು 25%. ಅದರಲ್ಲಿ 4% ಎಸ್‌ಸಿ-ಎಸ್‌ಟಿ ಉದ್ಯಮಿಗಳಿಂದ, 3% ಮಹಿಳೆಯರಿಂದ. ಟೆಂಡರ್ ಹಾಕಿದೆ, ಸಿಕ್ಕಿತು. ಅಲ್ಲಿನ ಇನ್‌ಸ್ಪೆಕ್ಷನ್ ಎಂಜಿನಿಯರ್ ಬಹಳ ಕಟ್ಟುನಿಟ್ಟು. ಬಣ್ಣದ ದಪ್ಪ ಒಂದೊಂದು ಮೂಲೆಯಲ್ಲೂ ಅಳೆದು ರಿಜೆಕ್ಟ್ ಮಾಡುತ್ತಿದ್ದರು. ಹಿಡಿಶಾಪ ಹಾಕುತ್ತಲೇ ನೇತುಹಾಕುವ ಹ್ಯಾಂಗರ್ ಬದಲಿಸಿದೆ, ಮೂಲೆಗೂ ಪೌಡರ್ ಸರಿಯಾಗಿ ಕೂರುವ ಹಾಗೆ. ಈಗ ಖಾಸಗಿ ಪಾರ್ಟಿಗಳು ಆ ಫಿನಿಶ್ ನೋಡಿಯೇ ಬರುತ್ತಾರೆ. ಅವರಿಗೂ ನನ್ನ ಪೈಕಿ ಈಗ ಬೇಕಾಗಿಲ್ಲ.

ಕುಂದಾಪ್ರ ಕಾಫಿ

ಹೊರಗಿನವ ಅವರೇ, ಒಪ್ಪಿದೆ. ನಮ್ಮಲ್ಲಿ ಅಡುಗೆಮನೆಗೆ ಯಾರು ಹೋಗಬಹುದು ಅನ್ನುವುದೇ ಬಹಳ ಕಾಲ ಜಾತಿಯ ಮೇಲಿತ್ತು. ನಾನು ಬರೆದಾಗ ಅದನ್ನು ಬಿಟ್ಟು ಬರೆದದ್ದು ನಿಜ.

ಲಾಗೋಸ್ ಕನ್ನಡಿಗ

ನೈಜೀರಿಯಾದಿಂದ ಒಂದು ಸಣ್ಣ ಸೇರ್ಪಡೆ. ಇಲ್ಲಿ ಪೂರ್ವದ ಕಡೆ ನ್ನೇವಿ ಅಂತ ಊರು. ಇಗ್ಬೋ ಜನ. ಹುಡುಗ ವರ್ಷಗಟ್ಟಲೆ ಧಣಿಯ ಅಂಗಡಿಯಲ್ಲಿ ದುಡಿಯುತ್ತಾನೆ. ಕೊನೆಗೆ ಧಣಿಯೇ ಬಂಡವಾಳ ಕೊಟ್ಟು ಅಂಗಡಿ ಹಾಕಿಸುತ್ತಾನೆ. ಕುಂದಾಪುರದ ಕಥೆ ಓದಿ ಇದೇ ನೆನಪಾಯಿತು. ಅವರು ಗಾಡಿಗಳ ಬಿಡಿಭಾಗ ತೈವಾನಿನಿಂದ ತರಿಸಿ ಮಾರುತ್ತಿದ್ದರು. 80ರ ದಶಕದಲ್ಲಿ ಅವರಲ್ಲಿ ಕೆಲವರು ಅದೇ ತೈವಾನಿನವರಿಂದ ಮಷೀನ್ ತರಿಸಿ, ಕೆಲಸ ಕಲಿತು, ಊರಲ್ಲೇ ಫ್ಯಾಕ್ಟರಿ ಹಾಕಿದರು. ದುಡ್ಡು, ನಂಬಿಕೆ ಊರಿನದು. ವಿದ್ಯೆ ತೈವಾನಿನದು. ಎರಡರಲ್ಲಿ ಒಂದು ಮಾತ್ರ ಇದ್ದಿದ್ದರೆ ಇವತ್ತಿಗೂ ಅಂಗಡಿಯಲ್ಲೇ ಕೂತಿರುತ್ತಿದ್ದರು.

ತೋಟದ ಮನೆ

ಶಿರಸಿಯಿಂದ. ಎಲ್ಲರೂ ಬ್ರೆಜಿಲ್‌ವರೆಗೆ ಹೋಗಿ ಬಂದಿರಿ, ನಾಜಲ್ ಬಗ್ಗೆ ಒಬ್ಬರೂ ಕೇಳಲಿಲ್ಲ! ಟರ್ನರ್ ಅವರೇ, ನಿಮ್ಮ ನಾಜಲ್ ಏನಕ್ಕೆ ಒಳ್ಳೆಯದು? ಎಷ್ಟು ಗ್ರಾಂ ತೂಕ?

ಪೀಣ್ಯ ಟರ್ನರ್

ಸರ್, ಹಿತ್ತಾಳೆಯದು. ಸುಮಾರು 180 ಗ್ರಾಂ. ತೂತು ಬಹಳ ನಿಖರವಾಗಿದೆ, ಹನಿ ಒಂದೇ ಸಮ ಬರುತ್ತದೆ. ತೆಗೆದು ಕ್ಲೀನ್ ಮಾಡಲು ಥ್ರೆಡ್ ಕೊಟ್ಟಿದ್ದೇನೆ.

ತೋಟದ ಮನೆ

ಬೇಜಾರು ಮಾಡ್ಕೋಬೇಡಿ, ನಮಗೆ ಅದು ಬೇಡ.

ಕೆಳಗೆ ನಿಂತು ಅರವತ್ತು ಅಡಿ ದೋಟಿ ಎತ್ತಿ ಹಿಡಿದವನಿಗೆ ತುದಿಯ 180 ಗ್ರಾಂ ಅಂದರೆ ಭುಜ ಹೋಯಿತು. ಗಾಳಿಗೆ ದೋಟಿ ಬಾಗಿದರೆ ಮುಗಿದೇ ಹೋಯಿತು. ಎರಡನೆಯದು ಸುಣ್ಣ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಎಷ್ಟೇ ಸೋಸಿದರೂ ಸುಣ್ಣದ ಹರಳು ಹೋಗುತ್ತವೆ, ಹಿತ್ತಾಳೆಯ ತೂತು ಸವೆದು ದೊಡ್ಡದಾಗುತ್ತದೆ. ಆಮೇಲೆ ಮಂಜಿನ ಹಾಗೆ ಬರಬೇಕಾದ್ದು ಪಿಚಕಾರಿ ಆಗುತ್ತದೆ. ಔಷಧಿ ಅಡಿಕೆ ಗೊನೆಗೆ ಅಂಟುವುದಿಲ್ಲ, ನೆಲಕ್ಕೆ ಬೀಳುತ್ತದೆ. ನಿಮ್ಮ ನಿಖರ ತೂತು ಎಷ್ಟು ದಿನ ನಿಖರ?

ಮೂರನೆಯದು ಬಂದ್ ಮಾಡುವ ವಾಲ್ವ್. ಅದು ಕೆಳಗಡೆ ಮಾತ್ರ ಇದೆ. ಒಂದು ಮರದಿಂದ ಇನ್ನೊಂದಕ್ಕೆ ಹೋಗುವಾಗ ಪೈಪಿನಲ್ಲಿ ಉಳಿದದ್ದು ಮೇಲಿನಿಂದ ತೊಟ್ಟಿಕ್ಕುತ್ತದೆ, ನೇರ ಹೊಡೆಯುವವನ ಕಣ್ಣಿಗೆ. ಮರ ಹತ್ತಿ ಗೊನೆ ಇಳಿಸುವ, ಔಷಧಿ ಹೊಡೆಯುವ ನಮ್ಮ ಕೊನೆಗೌಡ ಇದೊಂದಕ್ಕೇ ದೋಟಿಗಿಂತ ಮರ ಹತ್ತುವುದೇ ವಾಸಿ ಅನ್ನುತ್ತಾನೆ. ಒತ್ತಡ ನಿಂತ ಕೂಡಲೇ ತುದಿಯಲ್ಲೇ ತಾನಾಗಿ ಮುಚ್ಚಿಕೊಳ್ಳುವ ಹಾಗೆ ಏನಾದರೂ ಮಾಡಲು ಬರುತ್ತದಾ?

ಪೀಣ್ಯ ಟರ್ನರ್

ಸರ್, ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಮಾವನವರು "ಚೆನ್ನಾಗಿದೆ ಅಳಿಯಂದಿರೇ" ಅಂದಿದ್ದರು.

ಶೇಂಗಾ ಚಟ್ನಿ

ಮಾವ ಮತ್ತೇನು ಹೇಳುತ್ತಾರೆ 😂

ಹಳೇ ಲೇತ್

ಸ್ಪ್ರಿಂಗ್ ಇಟ್ಟ ಸಣ್ಣ ನಾನ್-ರಿಟರ್ನ್ ವಾಲ್ವ್ ಆಗುತ್ತದೆ. ಒತ್ತಡ ಇಳಿದರೆ ಗುಂಡು ತಾನೇ ಕೂರುತ್ತದೆ. ಆದರೆ ಸುಣ್ಣ ಸ್ಪ್ರಿಂಗಿಗೆ ಕಟ್ಟಿಕೊಳ್ಳುತ್ತದೆ, ಸ್ಪ್ರಿಂಗ್ ದ್ರವದ ದಾರಿಯಿಂದ ಹೊರಗಿರಬೇಕು. ರಬ್ಬರ್ ಡಯಾಫ್ರಂ, ಅಂದರೆ ತೆಳ್ಳನೆ ಪೊರೆ, ಹಾಕು. ಬಾಡಿ ಪ್ಲಾಸ್ಟಿಕ್, ತೂತಿನ ಜಾಗಕ್ಕೆ ಮಾತ್ರ ಸೆರಾಮಿಕ್ ಅಥವಾ ಸ್ಟೇನ್‌ಲೆಸ್ ಬಿಲ್ಲೆ. ಕಬ್ಬಿಣ ಎಲ್ಲೂ ಬೇಡ, ಮೈಲುತುತ್ತ ತಿಂದುಹಾಕುತ್ತದೆ. ಪ್ಲಾಸ್ಟಿಕ್ ಅಚ್ಚಿಗೆ ರಾಜಾಜಿನಗರದ ಜಿಟಿಟಿಸಿಯಲ್ಲಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ವಿಚಾರಿಸು.

ಉದ್ಯಮಬಾಗ ಫೌಂಡ್ರಿ

ಟರ್ನರ್ ಸಾಹೇಬ್ರೆ, ಇಲ್ಲಿ ಎಲ್ಲರ ಎದುರು ಡ್ರಾಯಿಂಗ್ ಹಾಕಬೇಡ್ರಿ. ನಾನೇ ನಕಲು ಮಾಡಿಬಿಟ್ಟೇನು.

ಅಂಕಿ ಅಂಶ

ಮಾರುವುದಕ್ಕೆ ಒಂದು ಮಾತು. ಅಡಿಕೆಯವರ ಸಂಘಗಳು ಹೊಸದಕ್ಕೆ ಹೆದರುವವಲ್ಲ. ಬೆಳೆಗಾರರ ಸಹಕಾರ ಸಂಘ ಕ್ಯಾಂಪ್ಕೊ 1973ರಲ್ಲಿ ಶುರುವಾದದ್ದು ಅಡಿಕೆಗೆ. ಆಮೇಲೆ ಕೊಕ್ಕೊ ಬೆಲೆ ಬಿದ್ದು ಬೆಳೆಗಾರರು ಬೀದಿಗೆ ಬಂದಾಗ ಕೊಕ್ಕೊ ಕೊಳ್ಳಲು ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯನ್ನೇ ಹಾಕಿತು. ಸಾವಿರಾರು ಸದಸ್ಯರು ಇರುವ ಇಂಥ ಕಡೆ ಒಬ್ಬರು ಒಪ್ಪಿದರೆ ಸುದ್ದಿ ತಾನೇ ಹಬ್ಬುತ್ತದೆ.

ತೋಟದ ಮನೆ

ಒಪ್ಪದಿದ್ದರೂ ಹಬ್ಬುತ್ತದೆ ಮೇಡಂ, ಇನ್ನೂ ಬೇಗ. ಮೊದಲು ಸೊಸೈಟಿಗೆ ಹೋಗಬೇಡಿ. ನಾಲ್ಕು ತುಂಡು ಮಾಡಿ ತನ್ನಿ. ಎರಡು ನನ್ನ ತೋಟಕ್ಕೆ, ಎರಡು ನಮ್ಮ ಕೊನೆಗೌಡನ ಕೈಗೆ. ಅವನು ಹತ್ತಾರು ತೋಟಕ್ಕೆ ಹೋಗುತ್ತಾನೆ, ಬಾಯಿಯೂ ಜೋರು. ಮೊದಲ ಔಷಧಿ ಮಳೆ ಹಿಡಿಯುವ ಮೊದಲು, ಅಂದರೆ ಮೇ ಕೊನೆಗೆ. ಎರಡನೆಯದು ಅದಾದ 40-45 ದಿನಕ್ಕೆ. ಎರಡೂ ಸುತ್ತು ನೀವೇ ಬಂದು ನಿಂತು ನೋಡಬೇಕು.

ಪೀಣ್ಯ ಟರ್ನರ್

ಬರುತ್ತೇನೆ ಸರ್. ಸಾಹೇಬರ ಮಾಲು ರಾತ್ರಿ ಪಾಳಿಗೆ ಹಾಕಿಕೊಳ್ಳುತ್ತೇನೆ, ಅವರ ಡೆಲಿವರಿ ತಪ್ಪುವುದಿಲ್ಲ. ಡಯಾಫ್ರಂಗೆ ಯಾವ ರಬ್ಬರ್ ಹಾಕಬೇಕು, ಸಣ್ಣ ಲಾಟಿನಲ್ಲಿ ಯಾರು ಮೋಲ್ಡ್ ಮಾಡಿಕೊಡುತ್ತಾರೆ, ಗೊತ್ತಿದ್ದವರು ಹೇಳಿ.

ಹೊರಗಿನವ

ಇಪಿಡಿಎಂ ಅನ್ನುವ ರಬ್ಬರ್ ಕೇಳಿ, ಸುಣ್ಣ-ಮೈಲುತುತ್ತಕ್ಕೆ ತಡೆಯುತ್ತದೆ. ನನ್ನ ಶಾಪಿನ ಹಿಂದಿನ ಬೀದಿಯಲ್ಲಿ ಒಬ್ಬರು ಐವತ್ತು, ನೂರು ಪೀಸ್ ಕೂಡ ಮಾಡಿಕೊಡುತ್ತಾರೆ. ಮೆಸೇಜ್ ಹಾಕಿ, ನಂಬರ್ ಕೊಡುತ್ತೇನೆ. ಅಡ್ವಾನ್ಸ್ ಪೂರ್ತಿ ಕೊಡಬೇಡಿ, ಅರ್ಧ ಸಾಕು.